ಕೋಣೆಯೊಳಗೇ ಮೀನುತೊಟ್ಟಿಯ ಜಾಗ ಬದಲಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕೆಲಸವನ್ನು ಕುರಿತವು: ಮೀನುಗಳಿರುವ ತೊಟ್ಟಿಯನ್ನು ಅದೇ ಕೋಣೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು. ದೂರ ನಾಲ್ಕೇ ಹೆಜ್ಜೆಯಾದ್ದರಿಂದ ಕೆಲಸವೂ ಅಷ್ಟೇ ಸಣ್ಣದಿರಬೇಕೆಂದು ಹಲವರು ಭಾವಿಸಿದಂತೆ ಕಾಣುತ್ತದೆ. ಆದರೆ ಗಾಜಿಗೂ ಅದರ ಅಂಟಿಗೂ ಮೀನುಗಳಿಗೂ ನಾಲ್ಕು ಹೆಜ್ಜೆಯ ಪ್ರಯಾಣ ನಾಲ್ಕು ಮೈಲಿಯ ಪ್ರಯಾಣಕ್ಕಿಂತ ಬಹಳ ಸುಲಭವೇನಲ್ಲ. ಆದ್ದರಿಂದ ಕೆಲವು ಉತ್ತರಗಳನ್ನು ದೀರ್ಘವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ತೊಟ್ಟಿ 90 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರವಿದೆ. ಕಿಟಕಿಯ ಪಕ್ಕದಲ್ಲಿರುವುದರಿಂದ ಗಾಜಿನ ಮೇಲೆಲ್ಲ ಪಾಚಿ ಕಟ್ಟುತ್ತಿದೆ. ಎದುರು ಗೋಡೆಯ ಬಳಿಗೆ ಒಯ್ಯಬೇಕೆಂದಿದ್ದೇವೆ. ಅರ್ಧ ನೀರು ತೆಗೆದು ನಾಲ್ವರು ಹಿಡಿದು ಎತ್ತಿದರೆ ಸಾಕೆ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ತೂಕದ ಲೆಕ್ಕ ನೋಡಿ. ನಿಮ್ಮ ಅಳತೆಯ ತೊಟ್ಟಿ ಅಂಚಿನವರೆಗೆ 162 ಲೀಟರ್ ಹಿಡಿಯುತ್ತದೆ. ಮೇಲೆ ಮೂರು ಸೆಂಟಿಮೀಟರ್ ಖಾಲಿ ಬಿಟ್ಟು, ತಳದ ಹರಳುಕಲ್ಲು ಆಕ್ರಮಿಸಿದ ಜಾಗವನ್ನೂ ಕಳೆದರೆ ಸುಮಾರು 140 ಲೀಟರ್, ಅಂದರೆ 140 ಕಿಲೋ ನೀರು ಉಳಿಯುತ್ತದೆ. ಗಾಜು 8 ಮಿ.ಮೀ. ದಪ್ಪದ್ದಾಗಿದ್ದರೆ ಬರಿಯ ಗಾಜೇ 30 ಕಿಲೋ. ಐದು ಸೆಂಟಿಮೀಟರ್ ದಪ್ಪಕ್ಕೆ ಹರಡಿದ ಹರಳು 25ರಿಂದ 30 ಕಿಲೋ. ಸ್ಟ್ಯಾಂಡನ್ನು ಬಿಟ್ಟರೂ ಒಟ್ಟು 200 ಕಿಲೋ ಸಮೀಪಿಸುತ್ತದೆ. ಅರ್ಧ ನೀರು ತೆಗೆದ ಮೇಲೂ ನಿಮ್ಮ ಕೈಯಲ್ಲಿರುವುದು 120 ಕಿಲೋಗಿಂತ ಹೆಚ್ಚಿನ ಭಾರ, ಅದೂ ಹಿಡಿಕೆಯಿಲ್ಲದ, ಒದ್ದೆಯಾದ, ಚೂಪು ಅಂಚಿನ ಗಾಜಿನ ಪೆಟ್ಟಿಗೆ.

ತೂಕಕ್ಕಿಂತ ದೊಡ್ಡ ಅಪಾಯ ನೀರಿನ ಚಲನೆಯಲ್ಲಿದೆ. ಒಬ್ಬರ ಕೈ ಎರಡು ಬೆರಳಷ್ಟು ಕೆಳಗಾದರೆ ನೀರು ಆ ತುದಿಗೆ ಹರಿಯುತ್ತದೆ, ಆ ತುದಿ ಇನ್ನಷ್ಟು ಭಾರವಾಗುತ್ತದೆ, ಭಾರವಾದಷ್ಟೂ ಇನ್ನಷ್ಟು ಬಾಗುತ್ತದೆ. ಅರೆತುಂಬಿದ ತೊಟ್ಟಿಯಲ್ಲಿ ನೀರಿಗೆ ಓಡಾಡಲು ಜಾಗ ಹೆಚ್ಚಿರುವುದರಿಂದ ಈ ತೊಯ್ದಾಟವೂ ಹೆಚ್ಚು. ತೊಟ್ಟಿಯನ್ನು ಕಟ್ಟುವವರು ಅದನ್ನು ಒಂದೇ ಒಂದು ಸ್ಥಿತಿಗಾಗಿ ಕಟ್ಟುತ್ತಾರೆ: ಸಮತಟ್ಟಾದ ಪೀಠದ ಮೇಲೆ ಅಲುಗಾಡದೆ ಕುಳಿತು, ಒಳಗಿನಿಂದ ಹೊರಕ್ಕೆ ತಳ್ಳುವ ನೀರನ್ನು ತಡೆದು ನಿಲ್ಲುವ ಸ್ಥಿತಿ. ನಿಮ್ಮ ತೊಟ್ಟಿ ತುಂಬಿದಾಗ ಮುಂದಿನ ಗಾಜಿನ ಮೇಲೆ ಸುಮಾರು 80 ಕಿಲೋ ಭಾರ ಒರಗಿದಷ್ಟು ಬಲ ಬೀಳುತ್ತದೆ. ಅದನ್ನು ಸಿಲಿಕೋನ್ ಅಂಟು ವರ್ಷಗಟ್ಟಲೆ ತಾಳುತ್ತದೆ. ಆದರೆ ನಾಲ್ಕು ಮೂಲೆಗಳನ್ನು ನಾಲ್ವರು ನಾಲ್ಕು ಎತ್ತರದಲ್ಲಿ ಹಿಡಿದಾಗ ಇಡೀ ಪೆಟ್ಟಿಗೆ ತಿರುಚಿಕೊಳ್ಳುತ್ತದೆ, ಮತ್ತು ತಿರುಚುವಿಕೆಯನ್ನು ತಾಳಲೆಂದು ಆ ಅಂಟನ್ನು ಹಾಕಿರುವುದಿಲ್ಲ. ಗಾಜು ಆ ಕ್ಷಣವೇ ಒಡೆಯಬಹುದು; ಅದಕ್ಕಿಂತ ಹೆಚ್ಚಾಗಿ ಆಗುವುದೆಂದರೆ ಅಂಟು ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿಟ್ಟುಕೊಂಡು, ಕೆಲವು ದಿನಗಳ ನಂತರ ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ ಸೋರಲಾರಂಭಿಸುವುದು.

ಆದ್ದರಿಂದ ನೀರು, ಕಲ್ಲು, ಹರಳು, ಮೀನು ಎಲ್ಲವೂ ಹೊರಬಂದ ಮೇಲೆ ಖಾಲಿ ಗಾಜನ್ನು ಮಾತ್ರ ಎತ್ತಬೇಕು. ಇದಕ್ಕೆ ಮೂರು ನಾಲ್ಕು ಗಂಟೆ ಬೇಕಾಗುತ್ತದೆ, ಬಿಡುವಿನ ದಿನವನ್ನೇ ಆರಿಸಿಕೊಳ್ಳಿ. ಹಿಂದಿನ ದಿನ ಮೀನುಗಳಿಗೆ ಆಹಾರ ಹಾಕಬೇಡಿ. ಹೊಟ್ಟೆ ಖಾಲಿಯಿದ್ದಷ್ಟೂ ಬಕೆಟ್ಟಿನ ನೀರನ್ನು ಅವು ಕೆಡಿಸುವುದು ಕಡಿಮೆ. ತೊಟ್ಟಿಗೆ ಕೈ ಹಾಕುವ ಮುನ್ನ ಹೊಸ ಜಾಗವನ್ನು ಪೂರ್ತಿ ಸಿದ್ಧಪಡಿಸಿ: ನೆಲ ಒರೆಸಿರಬೇಕು, ಪ್ಲಗ್ಗಿಗೆ ತಂತಿ ಎಳೆದಾಡದೆ ತಲುಪಬೇಕು, ಬಾಗಿಲು ತೆರೆದಾಗ ಗಾಜಿಗೆ ತಾಗಬಾರದು, ಹಿಂಬದಿಗೆ ನೇತುಹಾಕುವ ಫಿಲ್ಟರ್ ಇದ್ದರೆ ಅದಕ್ಕೂ ಅದನ್ನು ಬಿಚ್ಚುವ ಕೈಗೂ ಗೋಡೆಯಿಂದ ಜಾಗ ಬಿಟ್ಟಿರಬೇಕು. ನೆಲ ಮರದ ಹಲಗೆಯದಾಗಿದ್ದರೆ ಕೆಳಗಿನ ತೊಲೆಗಳು ಯಾವ ದಿಕ್ಕಿಗೆ ಓಡುತ್ತವೆಂದು ತಿಳಿದುಕೊಂಡು, ತೊಟ್ಟಿಯ ಭಾರ ಒಂದೇ ತೊಲೆಯ ಮೇಲೆ ಬೀಳದೆ ಹಲವಕ್ಕೆ ಹಂಚಿಹೋಗುವಂತೆ, ಗಟ್ಟಿ ಗೋಡೆಯ ಪಕ್ಕದಲ್ಲಿ ಇರಿಸಿ. ಕಿಟಕಿಯ ಬಳಿಯಿಂದ ತೆಗೆಯುವ ನಿಮ್ಮ ನಿರ್ಧಾರವೇನೋ ಸರಿಯಾದದ್ದು; ನೇರ ಬಿಸಿಲು ಪಾಚಿಯನ್ನಷ್ಟೇ ಬೆಳೆಸುವುದಿಲ್ಲ, ನೀರಿನ ಉಷ್ಣತೆಯನ್ನೂ ದಿನವೂ ಏರಿಳಿಸುತ್ತದೆ.

ಅನಂತರ ವಿದ್ಯುತ್ ಉಪಕರಣಗಳನ್ನೆಲ್ಲ ಆರಿಸಿ, ನೀರನ್ನು ಕೊಳವೆಯಿಂದ ಬಕೆಟ್ಟುಗಳಿಗೆ ಇಳಿಸಿಕೊಳ್ಳಿ. ಸಾಬೂನು ಎಂದೂ ತಾಗದ ಬಕೆಟ್ಟುಗಳಾಗಿರಬೇಕು. ಕೊಳವೆಯ ತುದಿಯನ್ನು ಬಾಯಿಯಿಂದ ಹೀರುವ ಅಭ್ಯಾಸ ಬೇಡ. ಕೊಳವೆಯನ್ನು ಪೂರ್ತಿಯಾಗಿ ನೀರಲ್ಲಿ ಮುಳುಗಿಸಿ ಗಾಳಿ ಹೊರಹೋದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿಂದ ಮುಚ್ಚಿ ಕೆಳಕ್ಕೆ ತಂದರೆ ನೀರು ತಾನಾಗಿ ಹರಿಯುತ್ತದೆ. ಮೇಲಿನ ಮೂರರಲ್ಲಿ ಎರಡು ಪಾಲು ನೀರನ್ನು ಕಾದಿಟ್ಟುಕೊಳ್ಳಿ. ಮೀನುಗಳು ಆ ನೀರಿನ ಗಡಸುತನಕ್ಕೂ ಉಷ್ಣತೆಗೂ ಒಗ್ಗಿಕೊಂಡಿರುತ್ತವೆ. ತಳದ ಕೊನೆಯ ನಾಲ್ಕೈದು ಸೆಂಟಿಮೀಟರ್ ಕೊಳೆನೀರನ್ನು ಚೆಲ್ಲಿಬಿಡಿ. ನೀರು ಇಳಿಯುತ್ತಿರುವಾಗಲೇ ದೊಡ್ಡ ಕಲ್ಲುಗಳನ್ನು ಒಂದೊಂದಾಗಿ ಎರಡೂ ಕೈಗಳಿಂದ ಎತ್ತಿ, ಮರದ ಬೇರುಗಳನ್ನು ತೆಗೆದು, ಗಿಡಗಳನ್ನು ಒದ್ದೆ ಕಾಗದದಲ್ಲಿ ಸುತ್ತಿಡಿ.

ಹರಳನ್ನು ಒಳಗೇ ಬಿಟ್ಟು ಎತ್ತಬಹುದೇ ಎಂದು ಮುಂದೆ ನೀವು ಕೇಳುವುದು ಖಚಿತ. ಈ ಗಾತ್ರದ ತೊಟ್ಟಿಯಲ್ಲಿ ಬೇಡ. ಕೂತಲ್ಲಿ ಪೀಠದ ಆಸರೆ ಪಡೆದಿದ್ದ ತಳದ ಗಾಜು, ಎತ್ತಿದೊಡನೆ ಆ 25 ಕಿಲೋ ಹರಳನ್ನು ತಾನೊಂದೇ ಹೊರಬೇಕಾಗುತ್ತದೆ. ಪ್ಲಾಸ್ಟಿಕ್ ಮೊರದಿಂದ ಹರಳನ್ನು ತೆಗೆದು, ತೊಟ್ಟಿಯ ನೀರಿನಲ್ಲೇ ಒಂದೆರಡು ಸಲ ಜಾಲಿಸಿ, ತೇವವಾಗಿಯೇ ಇಡಿ. ಬಹುಕಾಲ ಕದಡದ ಹರಳಿನಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಸೇರಿಕೊಂಡಿರಬಹುದು. ಈ ಕಾರಣಕ್ಕಾಗಿಯೇ ಹರಳಿಗೆ ಕೈ ಹಾಕುವ ಹೊತ್ತಿಗೆ ಮೀನುಗಳು ತೊಟ್ಟಿಯಿಂದ ಹೊರಗಿರಬೇಕು.

ಖಾಲಿ ಗಾಜನ್ನು ಇಬ್ಬರು ಸುಲಭವಾಗಿ ಒಯ್ಯಬಹುದು. ಕೈಗಳು ತಳದ ಅಡಿಯಲ್ಲಿರಲಿ. ಮೇಲಂಚನ್ನಾಗಲಿ, ಮೇಲೆ ಅಡ್ಡಲಾಗಿ ಅಂಟಿಸಿದ ಗಾಜಿನ ಪಟ್ಟಿಯನ್ನಾಗಲಿ ಹಿಡಿದು ಎತ್ತಕೂಡದು. ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಇರಲಿ. ಕೆಳಗಿಡಬೇಕಾಗಿ ಬಂದರೆ ಬರಿನೆಲದ ಮೇಲಿಡದೆ ಮಡಿಸಿದ ಕಂಬಳಿಯ ಮೇಲಿಡಿ. ಟೈಲ್ಸಿನ ಮೇಲೆ ಸಿಕ್ಕಿಕೊಂಡ ಒಂದೇ ಒಂದು ಹರಳು ತಳದ ಗಾಜನ್ನು ಸೀಳಬಲ್ಲದು.

ಪ್ರಶ್ನೆ: ತೊಟ್ಟಿಯನ್ನು ಸ್ಟ್ಯಾಂಡಿನ ಸಮೇತ ಗೋಡೆಯಿಂದ ಒಂದು ಅಡಿ ಮುಂದಕ್ಕೆ ಜರುಗಿಸಬೇಕಾಗಿದೆ, ಅಷ್ಟೇ. ಅದಕ್ಕೂ ಪೂರ್ತಿ ಖಾಲಿ ಮಾಡಬೇಕೆ?

ಉತ್ತರ: ನಿಮ್ಮ ತೊಟ್ಟಿಯ ಅಳತೆಯನ್ನು ಬರೆದಿಲ್ಲ. 60 ಲೀಟರಿನ ಒಳಗಿನ ತೊಟ್ಟಿ, ಅಲುಗಾಡದ ಗಟ್ಟಿ ಸ್ಟ್ಯಾಂಡ್, ನುಣುಪಾದ ಸಮನೆಲ ಈ ಮೂರೂ ಇದ್ದರೆ, ನೀರನ್ನು ಹರಳಿನ ಮೇಲೆ ಒಂದು ಅಂಗೈ ಎತ್ತರಕ್ಕೆ ಇಳಿಸಿ, ಸ್ಟ್ಯಾಂಡಿನ ಕಾಲುಗಳ ಕೆಳಗೆ ದಪ್ಪ ಉಣ್ಣೆಬಟ್ಟೆ ಸೇರಿಸಿ ಮೆಲ್ಲನೆ ಜರುಗಿಸುವುದನ್ನು ನಾನು ಒಪ್ಪುತ್ತೇನೆ. ಕಲ್ಲುಗಳನ್ನು ಮೊದಲೇ ಹೊರಗಿಡಿ, ಉರುಳಿದ ಕಲ್ಲು ಒಳಗಿನಿಂದ ಗಾಜಿಗೆ ಬಡಿಯುತ್ತದೆ. ತಳ್ಳುವಾಗ ಇಬ್ಬರೂ ಸ್ಟ್ಯಾಂಡಿನ ಬುಡದ ಹತ್ತಿರ ಕೈಯಿಟ್ಟು ಒಂದೇ ವೇಗದಲ್ಲಿ ತಳ್ಳಬೇಕು, ಮೂರನೆಯವರು ನೀರಿನ ಮಟ್ಟವನ್ನು ನೋಡುತ್ತಿರಬೇಕು. ತೊಟ್ಟಿಯ ಗಾಜನ್ನು ತಳ್ಳಿದರೆ ಅದು ಸ್ಟ್ಯಾಂಡಿನ ಮೇಲೆ ಜಾರುತ್ತದೆ. ಸ್ಟ್ಯಾಂಡಿನ ಮೇಲ್ಭಾಗವನ್ನು ತಳ್ಳಿದರೆ ಕಾಲುಗಳು ಹಿಂದುಳಿದು ಚೌಕಟ್ಟು ಓರೆಯಾಗುತ್ತದೆ. ದೊಡ್ಡ ತೊಟ್ಟಿಗೆ, ಬಿಡಿ ಹಲಗೆಗಳನ್ನು ಜೋಡಿಸಿದ ಸ್ಟ್ಯಾಂಡಿಗೆ, ಸಂದುಗಳಿರುವ ಒರಟು ನೆಲಕ್ಕೆ ಈ ಉಪಾಯ ಸಲ್ಲದು. ಒಂದು ಕಾಲು ಸಂದಿನಲ್ಲಿ ಸಿಕ್ಕಿದರೂ ಉಳಿದ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ.

ಪ್ರಶ್ನೆ: ಕೆಲವು ತಿಂಗಳ ಹಿಂದೆ ತೊಟ್ಟಿಯನ್ನು ಕೋಣೆಯ ಇನ್ನೊಂದು ಮೂಲೆಗೆ ಸಾಗಿಸಿದೆವು. ಬಹಳ ಎಚ್ಚರದಿಂದ ಮಾಡಿದೆವು, ಗಾಜಿಗೆ ಗೀರೂ ಬೀಳಲಿಲ್ಲ. ಅವಕಾಶ ಸಿಕ್ಕಿತೆಂದು ಹರಳು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ನೀರಿನಲ್ಲಿ ಹೊಳೆಯುವಂತೆ ತೊಳೆದು, ಹೊಸ ನೀರು ತುಂಬಿದೆವು. ಮೂರು ದಿನ ಮೀನುಗಳು ಚೆನ್ನಾಗಿದ್ದವು. ನಾಲ್ಕನೆಯ ದಿನದಿಂದ ಒಂದೊಂದಾಗಿ ಸತ್ತವು. ನೀರು ಸ್ಫಟಿಕದಂತೆ ತಿಳಿಯಾಗಿತ್ತು. ತಪ್ಪು ಎಲ್ಲಾಯಿತು?

ಉತ್ತರ: ನಿಮ್ಮ ಪತ್ರವನ್ನು ಓದಿ ಸಂಕಟವಾಯಿತು, ಏಕೆಂದರೆ ಬಹಳ ಹಿಂದೆ ನಾನೂ ಇದೇ ತಪ್ಪನ್ನು ಇದೇ ಸದುದ್ದೇಶದಿಂದ ಮಾಡಿ ಹನ್ನೊಂದು ಟೆಟ್ರಾಗಳನ್ನು ಕಳೆದುಕೊಂಡಿದ್ದೇನೆ. ತೊಟ್ಟಿಯನ್ನು ಸಾಗಿಸಿದ್ದರಿಂದ ಮೀನುಗಳು ಸಾಯಲಿಲ್ಲ. ತೊಳೆದದ್ದರಿಂದ ಸತ್ತವು.

ಮೀನು ತನ್ನ ಕಿವಿರುಗಳ ಮೂಲಕ ಎಡೆಬಿಡದೆ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ಉಳಿದ ಆಹಾರ, ಮಲ, ಕೊಳೆತ ಎಲೆ ಎಲ್ಲವೂ ಅಮೋನಿಯಾವನ್ನೇ ಕೊಡುತ್ತವೆ. ಹಳೆಯ ತೊಟ್ಟಿಯಲ್ಲಿ ಅದು ಶೇಖರವಾಗುವುದಿಲ್ಲ, ಏಕೆಂದರೆ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತಿರುತ್ತವೆ. ಈ ಜೀವಿಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಬಹಳ ಕಡಿಮೆ. ಅವು ಅಂಟಿಕೊಂಡು ಬದುಕುತ್ತವೆ: ಸ್ಪಂಜಿನ ರಂಧ್ರಗಳಲ್ಲಿ, ಫಿಲ್ಟರಿನ ಸೆರಾಮಿಕ್ ಉಂಗುರಗಳಲ್ಲಿ, ಹರಳಿನ ಮೈಮೇಲೆ. ಸ್ಪಂಜನ್ನು ಹಿಂಡಿದಾಗ ಹೊರಬರುವ ಕಂದು ಲೋಳೆ ನಮ್ಮ ಕಣ್ಣಿಗೆ ಕೊಳೆಯಾಗಿ ಕಾಣುತ್ತದೆ. ಅದರಲ್ಲೇ ನಿಮ್ಮ ಮೀನುಗಳ ಪ್ರಾಣ ಕಾಯುವ ಜೀವಿಗಳೂ ಇರುತ್ತವೆ.

ನಲ್ಲಿ ನೀರಿನಲ್ಲಿ ಕ್ಲೋರಿನ್ ಬೆರೆಸುವುದೇ ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು. ನೀವು ಹರಳನ್ನೂ ಸ್ಪಂಜನ್ನೂ ಆ ನೀರಿನಲ್ಲಿ ತಿಕ್ಕಿ ತೊಳೆದಾಗ ಎರಡು ನೆಲೆಗಳೂ ಒಟ್ಟಿಗೇ ಬರಿದಾದವು. ಆಮೇಲೆ ತುಂಬಿದ ನೀರು ಮೊದಲ ದಿನ ಶುದ್ಧವಾಗಿಯೇ ಇತ್ತು, ಅದಕ್ಕೇ ಮೀನುಗಳು ಚೆನ್ನಾಗಿದ್ದವು. ಅಮೋನಿಯಾ ದಿನದಿಂದ ದಿನಕ್ಕೆ ಏರಿ ನಾಲ್ಕನೆಯ ದಿನದ ಹೊತ್ತಿಗೆ ತಾಳಲಾರದ ಮಟ್ಟ ಮುಟ್ಟಿರಬೇಕು. ಅಮೋನಿಯಾಕ್ಕೆ ಬಣ್ಣವಿಲ್ಲ, ಆದ್ದರಿಂದ ತಿಳಿನೀರನ್ನು ನೋಡಿ ಏನನ್ನೂ ಹೇಳಲಾಗದು. ಒಂದೇ ಪ್ರಮಾಣದ ಅಮೋನಿಯಾ ಒಬ್ಬರ ತೊಟ್ಟಿಯಲ್ಲಿ ಮೀನನ್ನು ಕೊಲ್ಲುವುದೂ ಇನ್ನೊಬ್ಬರ ತೊಟ್ಟಿಯಲ್ಲಿ ಕೊಲ್ಲದಿರುವುದೂ ಉಂಟು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಪಿಎಚ್ (ಆಮ್ಲೀಯತೆ-ಕ್ಷಾರೀಯತೆಯ ಅಳತೆ) 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲೂ ವಿಷರೂಪದಲ್ಲಿರುವುದಿಲ್ಲ. ಪಿಎಚ್ 8 ಆದರೆ ಐದು ಪಾಲಿಗಿಂತ ಹೆಚ್ಚು ವಿಷರೂಪಕ್ಕೆ ತಿರುಗಿರುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಮೇಲಿನ ಮಟ್ಟದಲ್ಲೇ ಇರುವುದರಿಂದ ಅಂಥ ನೀರನ್ನು ಬಳಸುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು.

ಹಾಗಾದರೆ ಮುಂದಿನ ಸಲ ಹೇಗೆ? ಸ್ಥಳಾಂತರದ ದಿನ ಯಾವುದನ್ನೂ ಹೊಳೆಯುವಂತೆ ತೊಳೆಯಬೇಡಿ. ಫಿಲ್ಟರಿನ ಸ್ಪಂಜು, ಉಂಗುರಗಳನ್ನು ತೊಟ್ಟಿಯದೇ ನೀರು ತುಂಬಿದ ಅಗಲವಾದ ಪಾತ್ರೆಯಲ್ಲಿ ಮುಳುಗಿಸಿ, ಗಾಳಿಯಾಡುವಂತೆ ತೆರೆದಿಡಿ. ಸಾಧ್ಯವಿದ್ದರೆ ಅದರೊಳಗೆ ಏರ್ ಪಂಪಿನ ಗಾಳಿಕಲ್ಲನ್ನೂ (ನೀರಿನಲ್ಲಿ ಗುಳ್ಳೆ ಬಿಡುವ ಕಲ್ಲು) ಇಳಿಬಿಡಿ, ಏಕೆಂದರೆ ಈ ಜೀವಿಗಳಿಗೂ ಆಮ್ಲಜನಕ ಬೇಕು. ಡಬ್ಬಿಯಂತೆ ಮುಚ್ಚಿಕೊಳ್ಳುವ ಹೊರಫಿಲ್ಟರುಗಳನ್ನು ಬಳಸುವವರಿಗೆ ಇದನ್ನು ಒತ್ತಿ ಹೇಳಬೇಕು: ಪಂಪ್ ನಿಂತ ಮೇಲೆ ಡಬ್ಬಿಯೊಳಗಿನ ನೀರಿನ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಡಬ್ಬಿಯನ್ನು ಮುಚ್ಚಿಯೇ ಗಂಟೆಗಟ್ಟಲೆ ಬಿಟ್ಟು, ಆಮೇಲೆ ಹಾಗೆಯೇ ಚಾಲೂ ಮಾಡಿದರೆ, ಒಳಗೆ ಕೆಟ್ಟುಹೋದ ನೀರು ನೇರವಾಗಿ ಮೀನುಗಳ ಮೇಲೆ ಬೀಳುತ್ತದೆ. ಡಬ್ಬಿಯನ್ನು ಬಿಚ್ಚಿಡಿ, ಮತ್ತೆ ಜೋಡಿಸುವಾಗ ಹಳೆಯ ನೀರನ್ನು ಚೆಲ್ಲಿ. ತೊಟ್ಟಿ ಹೊಸ ಜಾಗದಲ್ಲಿ ಕುಳಿತು ಪಂಪ್ ಮುಳುಗುವಷ್ಟು ನೀರು ತುಂಬಿದೊಡನೆ, ಅಲಂಕಾರಕ್ಕೆ ಕೈಹಾಕುವ ಮೊದಲು ಫಿಲ್ಟರನ್ನು ಚಾಲೂ ಮಾಡಿ.

ಹೊಸ ನೀರು ಎಷ್ಟು ಬೇಕಾದರೂ ಅದಕ್ಕೆ ಕ್ಲೋರಿನ್ ಕಳೆಯುವ ದ್ರಾವಣ ಬೆರೆಸಿಯೇ ಸುರಿಯಿರಿ. ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆಂಬ ಮಾತು ಬರಿಯ ಕ್ಲೋರಿನ್ನಿಗೆ ಸರಿ. ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆಗುವ ವಸ್ತು) ಬೆರೆಸಿದ ನೀರಿಗೆ ಅನ್ವಯಿಸುವುದಿಲ್ಲ, ಅದು ಹಾಗೆ ಹಾರಿಹೋಗುವಂಥದ್ದಲ್ಲ. ಸೂಕ್ಷ್ಮಜೀವಿಗಳ ನೆಲೆ ಒಮ್ಮೆ ಪೂರ್ತಿ ಅಳಿದರೆ ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಆ ಅವಧಿಯುದ್ದಕ್ಕೂ ಮೀನುಗಳು ಅಪಾಯದಲ್ಲಿರುತ್ತವೆ. ನಿಮ್ಮಲ್ಲಿ ಉಳಿದಿರುವ ಮೀನುಗಳಿಗೆ ಆಹಾರವನ್ನು ಅತಿ ಕಡಿಮೆ ಮಾಡಿ, ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯ ಕಿಟ್ ತಂದು ದಿನವೂ ನೋಡಿ, ಎರಡರಲ್ಲಿ ಯಾವುದು ಕಂಡರೂ ಕಾಲುಭಾಗದಿಂದ ಅರ್ಧದವರೆಗೆ ನೀರು ಬದಲಿಸಿ. ಹೊಸ ಮೀನು ತರುವ ಆಸೆಯನ್ನು ಎರಡೂ ಅಂಕಿಗಳು ಸೊನ್ನೆಗೆ ಬಂದು ನಿಲ್ಲುವವರೆಗೆ ತಡೆಹಿಡಿಯಿರಿ.

ಪ್ರಶ್ನೆ: ಮೀನುಗಳನ್ನು ಹಿಡಿಯುವುದೇ ನಮಗೆ ದೊಡ್ಡ ಯುದ್ಧವಾಗುತ್ತದೆ. ಏಂಜೆಲ್, ಗೌರಾಮಿ, ಕೋರಿಡೋರಾಸ್ ಮತ್ತು ಒಂದು ದೊಡ್ಡ ಪ್ಲೆಕೊ ಇವೆ. ಎಲ್ಲವನ್ನೂ ಒಂದೇ ಬಕೆಟ್ಟಿನಲ್ಲಿ ಎಷ್ಟು ಹೊತ್ತು ಇಡಬಹುದು?

ಉತ್ತರ: ತುಂಬಿದ ತೊಟ್ಟಿಯಲ್ಲಿ ಮೀನನ್ನು ಅಟ್ಟಿಸಿಕೊಂಡು ಹೋಗುವುದರಿಂದಲೇ ಈ ಯುದ್ಧ ಶುರುವಾಗುತ್ತದೆ. ಕಲ್ಲು, ಬೇರು, ಗಿಡಗಳೆಲ್ಲ ಹೊರಬರಲಿ, ನೀರು 10ರಿಂದ 15 ಸೆಂ.ಮೀ. ಎತ್ತರಕ್ಕೆ ಇಳಿಯಲಿ, ದೀಪ ಆರಿರಲಿ. ಆಗ ಅವಕ್ಕೆ ಅಡಗಲು ಜಾಗವಿರುವುದಿಲ್ಲ. ಎರಡು ಬಲೆ ಬಳಸಿ. ದೊಡ್ಡದನ್ನು ಒಂದೆಡೆ ಅಲುಗಾಡದಂತೆ ಹಿಡಿದು, ಚಿಕ್ಕದರಿಂದ ಮೀನನ್ನು ಮೆಲ್ಲನೆ ಅದರ ಕಡೆಗೆ ನಡೆಸಿಕೊಂಡು ಬಂದರೆ ಸಾಕು. ಕೋರಿಡೋರಾಸ್ ಮತ್ತು ಪ್ಲೆಕೊಗಳಿಗೆ ಮಾತ್ರ ಬಲೆ ಬೇಡ. ಅವುಗಳ ರೆಕ್ಕೆಗಳ ಮುಂದಿನ ಗಡುಸು ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಹೋದರೆ ಮುಳ್ಳು ಮುರಿಯುತ್ತದೆ ಅಥವಾ ನಿಮ್ಮ ಬೆರಳಿಗೆ ಚುಚ್ಚುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ಮುಳುಗಿಸಿ, ಮೀನನ್ನು ಅದರೊಳಗೆ ಹೊಗಿಸಿ, ನೀರಿನ ಸಮೇತ ಎತ್ತಿ.

ಒಂದೇ ಬಕೆಟ್ಟು ಸಾಲದು. ಪ್ಲೆಕೊ ಬಹಳ ಮಲ ಹಾಕುವ ಮೀನಾದ್ದರಿಂದ ಅದಕ್ಕೆ ಬೇರೆ ಬಕೆಟ್ಟು ಕೊಡಿ. ಬಕೆಟ್ಟುಗಳಿಗೆ ಮುಚ್ಚಳ ಅಗತ್ಯ, ಹೆದರಿದ ಮೀನು ಹಾರುತ್ತದೆ. ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಒಂದು ಗೇಣು ಗಾಳಿಯ ಜಾಗವಿರಲಿ. ಗೌರಾಮಿ ಮತ್ತು ಅದರ ಬಳಗದ ಬೆಟ್ಟಾ ಮೀನುಗಳು ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುವುದರಿಂದ, ಕಂಠಮಟ್ಟ ತುಂಬಿ ಮುಚ್ಚಿದ ಬಕೆಟ್ಟಿನಲ್ಲಿ ಅವು ಉಸಿರುಗಟ್ಟಿ ಸಾಯಬಹುದು. ಪ್ರತಿ ಬಕೆಟ್ಟಿಗೂ ಗಾಳಿಕಲ್ಲು ಇದ್ದರೆ ನಾಲ್ಕೈದು ಗಂಟೆ ಚಿಂತೆಯಿಲ್ಲ. ಬಕೆಟ್ಟುಗಳನ್ನು ತಣ್ಣನೆಯ ನೆಲದ ಮೇಲಿಡದೆ ಬಟ್ಟೆ ಹಾಸಿ, ಕತ್ತಲು ಮೂಲೆಯಲ್ಲಿ, ಜನ ಓಡಾಡದ ಕಡೆ ಇಡಿ.

ಮರಳಿ ಬಿಡುವಾಗ ಬಕೆಟ್ಟಿನ ನೀರಿಗೂ ತೊಟ್ಟಿಯ ನೀರಿಗೂ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು. ವ್ಯತ್ಯಾಸವಿದ್ದರೆ ತೊಟ್ಟಿಯ ನೀರನ್ನು ಲೋಟದಿಂದ ಸ್ವಲ್ಪಸ್ವಲ್ಪವಾಗಿ ಅರ್ಧ ಗಂಟೆಯವರೆಗೆ ಬಕೆಟ್ಟಿಗೆ ಸೇರಿಸುತ್ತಾ ಹೋಗಿ, ಆಮೇಲೆ ಮೀನನ್ನು ಮಾತ್ರ ಬಿಡಿ, ಬಕೆಟ್ಟಿನ ನೀರನ್ನು ಚೆಲ್ಲಿ. ಆ ದಿನ ದೀಪ ಹಾಕಬೇಡಿ, ಆಹಾರವೂ ಬೇಡ. ಮೀನುಗಳ ಬಣ್ಣ ಮಂಕಾಗುವುದು, ರೆಕ್ಕೆ ಮುದುಡಿಕೊಂಡು ಮೂಲೆ ಸೇರುವುದು ಮೊದಲ ದಿನ ಸಹಜ. ಮರುದಿನವೂ ಮೇಲಕ್ಕೆ ಬಂದು ಏದುಸಿರು ಬಿಡುತ್ತಿದ್ದರೆ ನೀರನ್ನು ಪರೀಕ್ಷಿಸಿ.

ಪ್ರಶ್ನೆ: ಹೊಸ ಜಾಗದಲ್ಲಿ ತೊಟ್ಟಿ ತುಂಬಿದ ಮೇಲೆ ನೀರಿನ ಗೆರೆ ಎಡಕ್ಕಿಂತ ಬಲಕ್ಕೆ 6 ಮಿ.ಮೀ. ಹೆಚ್ಚು ಕಾಣುತ್ತಿದೆ. ತೊಟ್ಟಿಯ ಕೆಳಗೆ ರಟ್ಟಿನ ಚೂರು ತುರುಕಿ ಸರಿಮಾಡಬಹುದೆ?

ಉತ್ತರ: ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಏನನ್ನೂ ತುರುಕಬೇಡಿ. ರಟ್ಟು ಸಿಕ್ಕಿಸಿದ ಒಂದು ಮೂಲೆ ಎದ್ದು ನಿಂತು, ಉಳಿದ ತಳ ಆಸರೆಯಿಲ್ಲದೆ ತೂಗುತ್ತದೆ. ಇಡೀ ಭಾರ ಒಂದು ಬಿಂದುವಿಗೆ ಬೀಳುತ್ತದೆ. ಸರಿಪಡಿಸಬೇಕಾದದ್ದು ಸ್ಟ್ಯಾಂಡಿನ ಕಾಲಿನ ಕೆಳಗೆ, ಅದೂ ನೀರನ್ನು ಬಹುಪಾಲು ಇಳಿಸಿದ ಮೇಲೆ. ಬಲಗಡೆ ನೀರು ಮೇಲಂಚಿಗೆ ಹತ್ತಿರವಾಗಿ ಕಾಣುತ್ತಿದೆಯೆಂದರೆ ಆ ಬದಿ ತಗ್ಗಿದೆಯೆಂದು ಅರ್ಥ, ಅಲ್ಲಿಯ ಕಾಲುಗಳ ಕೆಳಗೆ ಗಟ್ಟಿ ಪ್ಲಾಸ್ಟಿಕ್ ಅಥವಾ ಲೋಹದ ತೆಳುಬಿಲ್ಲೆ ಸೇರಿಸಿ. ಮರದ ಚೂರು ನೀರು ಕುಡಿದು ಉಬ್ಬುತ್ತದೆ. ಉದ್ದುದ್ದಕ್ಕೆ ಒಂದೇ ಸಮನಾದ ಓರೆ ಒಂದೆರಡು ಮಿಲಿಮೀಟರ್ ಉಳಿದರೆ ಆತಂಕಪಡಬೇಕಾಗಿಲ್ಲ. ಒಂದು ಮೂಲೆ ಮಾತ್ರ ಎದ್ದಿದ್ದರೆ, ಅಂದರೆ ತೊಟ್ಟಿ ತಿರುಚಿಕೊಂಡು ಕುಳಿತಿದ್ದರೆ, ಅದು ಎಷ್ಟೇ ಸಣ್ಣದಾದರೂ ಹಾಗೇ ಬಿಡಕೂಡದು. ಖಾಲಿ ಸ್ಟ್ಯಾಂಡಿನ ಮೇಲೆ ಮೇಸ್ತ್ರಿಗಳ ರಸಮಟ್ಟವನ್ನು ಉದ್ದಕ್ಕೆ, ಅಡ್ಡಕ್ಕೆ, ಎರಡೂ ಕರ್ಣಗಳಿಗೆ ಇಟ್ಟು ನೋಡಿದ್ದರೆ ಈ ತೊಂದರೆ ಖಾಲಿಯಿದ್ದಾಗಲೇ ತಿಳಿಯುತ್ತಿತ್ತು.

ಇದರ ಜೊತೆಗೇ ಥರ್ಮೋಕೋಲ್ ಹಾಳೆಯ ವಿಚಾರ. ತಳದ ಗಾಜು ನೇರವಾಗಿ ಪೀಠದ ಮೇಲೆ ಕೂರುವ ತೊಟ್ಟಿಗೆ ತೆಳುವಾದ ಥರ್ಮೋಕೋಲ್ ಅಥವಾ ಫೋಮ್ ಹಾಳೆ ಒಳ್ಳೆಯದು, ಪೀಠದ ಸಣ್ಣಪುಟ್ಟ ಏರುತಗ್ಗನ್ನು ಅದು ನುಂಗುತ್ತದೆ. ಸುತ್ತಲೂ ಪ್ಲಾಸ್ಟಿಕ್ ಚೌಕಟ್ಟಿರುವ ತೊಟ್ಟಿಗೆ ಮಾತ್ರ ಹಾಕಬೇಡಿ: ಅಲ್ಲಿ ಭಾರವನ್ನು ಚೌಕಟ್ಟು ಹೊರಬೇಕು, ತಳದ ಗಾಜು ಪೀಠಕ್ಕೆ ತಾಗದೆ ಮೇಲೆ ನಿಂತಿರುತ್ತದೆ, ಫೋಮ್ ಉಬ್ಬಿ ಗಾಜನ್ನು ಕೆಳಗಿನಿಂದ ಒತ್ತಿದರೆ ಅದು ಬಿರಿಯಬಹುದು.

ಪ್ರಶ್ನೆ: ನನ್ನದು 20 ಲೀಟರಿನ ಪುಟ್ಟ ತೊಟ್ಟಿ, ಒಂದೇ ಬೆಟ್ಟಾ ಇದೆ. ಇಷ್ಟೆಲ್ಲ ಮಾಡಬೇಕೆ?

ಉತ್ತರ: ಬೇಕಿಲ್ಲ. ಬೆಟ್ಟಾವನ್ನು ಡಬ್ಬಿಯಲ್ಲಿ ತೆಗೆದಿರಿಸಿ, ಹರಳು ಮುಚ್ಚುವಷ್ಟು ನೀರು ಮಾತ್ರ ಉಳಿಸಿ, ತೊಟ್ಟಿಯ ಅಡಿಗೆ ಗಟ್ಟಿ ಹಲಗೆ ಕೊಟ್ಟು ಹಲಗೆಯ ಸಮೇತ ಎತ್ತಿ. ಮೀನನ್ನು ಒಳಗೇ ಬಿಟ್ಟು ಒಯ್ದರೂ ಏನೂ ಆಗಲಿಲ್ಲವೆಂದು ಹೇಳುವವರಿದ್ದಾರೆ. ನಾನು ಬಿಡುವುದಿಲ್ಲ, ಹರಳು ಕದಡಿದ ಕೊಳೆನೀರು ಆ ಒಂದು ಮೀನಿಗೆ ನೇರವಾಗಿ ತಾಗುತ್ತದೆ.

ಪ್ರಶ್ನೆ: ತೊಟ್ಟಿ ಸಾಗಿಸುವಾಗ ಹೀಟರಿನ ಗಾಜು ಟಪ್ಪೆಂದು ಸೀಳಿತು. ಕೆಳಗೆ ಬಿದ್ದಿರಲಿಲ್ಲ, ಯಾವುದೂ ತಾಗಿರಲಿಲ್ಲ. ಕಾರಣವೇನು?

ಉತ್ತರ: ಹೀಟರ್ ಕೆಲಸ ಮಾಡುತ್ತಿದ್ದಾಗಲೇ ನೀರಿನ ಮಟ್ಟ ಅದರ ಕೆಳಗೆ ಇಳಿದಿರಬೇಕು, ಅಥವಾ ಬಿಸಿಯಿದ್ದಾಗಲೇ ಹೊರತೆಗೆದಿರಬೇಕು. ನೀರಿನಾಚೆ ಅದರ ಶಾಖವನ್ನು ಒಯ್ಯುವವರಿಲ್ಲದೆ ಗಾಜು ಕ್ಷಣಗಳಲ್ಲಿ ಅತಿಯಾಗಿ ಕಾಯುತ್ತದೆ, ಮೇಲೆ ಒಂದು ಹನಿ ತಣ್ಣೀರು ಬಿದ್ದರೂ ಸೀಳುತ್ತದೆ. ಪ್ಲಗ್ ತೆಗೆದು ಅರ್ಧ ಗಂಟೆ ನೀರಿನಲ್ಲೇ ಆರಲು ಬಿಟ್ಟು ಆಮೇಲೆ ನೀರಿಳಿಸಿ. ಮರಳಿ ಹಾಕಿದಾಗಲೂ ಅರ್ಧ ಗಂಟೆ ನೀರಿನಲ್ಲಿ ಇದ್ದು ಉಷ್ಣತೆ ಹೊಂದಿಕೊಂಡ ಮೇಲೆ ಪ್ಲಗ್ ಹಾಕಿ. ಸೀಳಿದ ಹೀಟರ್ ಪ್ಲಗ್ಗಿನಲ್ಲಿದ್ದಾಗ ನೀರಿಗೆ ಕೈ ಹಾಕಿದರೆ ಜೀವಕ್ಕೇ ಅಪಾಯ, ಅದನ್ನು ಎಸೆದುಬಿಡಿ. ಹೊಸ ಜಾಗದಲ್ಲಿ ತಂತಿಗಳೆಲ್ಲ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮತ್ತೆ ಮೇಲೇರುವಂತೆ ಬಿಡಿ. ತಂತಿಯಗುಂಟ ಜಾರಿದ ಹನಿ ಆ ಬಾಗಿನಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ತಲುಪುವುದಿಲ್ಲ.

ಪ್ರಶ್ನೆ: ಸಾಗಿಸಿ ಮೂರು ದಿನವಾಯಿತು. ಸ್ಟ್ಯಾಂಡಿನ ಒಂದು ಮೂಲೆ ತೇವವಾಗಿದೆ. ಸೋರುತ್ತಿದೆಯೋ, ಅಂದು ಚೆಲ್ಲಿದ ನೀರೋ ತಿಳಿಯುತ್ತಿಲ್ಲ. ಹೊರಗಿನಿಂದ ಸಿಲಿಕೋನ್ ಬಳಿದರೆ ಆದೀತೆ?

ಉತ್ತರ: ಮೊದಲು ಪತ್ತೆಹಚ್ಚಿ. ತುಂಬುವಾಗ ಚೆಲ್ಲಿದ ನೀರು ತಳದ ಫೋಮ್ ಹಾಳೆಯಲ್ಲಿ ಸೇರಿಕೊಂಡು ದಿನಗಟ್ಟಲೆ ಒಸರುವುದುಂಟು; ಫಿಲ್ಟರಿನ ಕೊಳವೆಯ ಜೋಡಣೆ ಸಡಿಲವಾಗಿ ಹನಿ ಜಾರುವುದೂ ಉಂಟು. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಸುತ್ತ ದಿನಪತ್ರಿಕೆಯ ಹಾಳೆ ಹಾಸಿ, ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಅಂಟುಪಟ್ಟಿಯ ಗುರುತು ಹಾಕಿ. ಕೆಲವು ಗಂಟೆಗಳಿಗೊಮ್ಮೆ ಒಣ ಟಿಶ್ಯೂ ಕಾಗದವನ್ನು ನಾಲ್ಕೂ ನಿಲುವು ಸಂದುಗಳಗುಂಟ ಮೇಲಿನಿಂದ ಕೆಳಕ್ಕೆ ಎಳೆಯಿರಿ. ಮೊದಲು ಒದ್ದೆಯಾಗುವ ಜಾಗದ ಆಸುಪಾಸಿನಲ್ಲೇ ಸೋರಿಕೆ ಇರುತ್ತದೆ. ನೀರಿನ ಮಟ್ಟ ಇಳಿಯುತ್ತಾ ಬಂದು ಒಂದು ಎತ್ತರದಲ್ಲಿ ನಿಂತುಬಿಟ್ಟರೆ ಸೀಳು ಅದೇ ಎತ್ತರದಲ್ಲಿದೆ ಎಂದು ತಿಳಿಯಬಹುದು.

ಸೋರಿಕೆ ಖಚಿತವಾದರೆ ಹೊರಗಿನಿಂದ ಬಳಿದು ಪ್ರಯೋಜನವಿಲ್ಲ, ಒಳಗಿನ ನೀರು ಆ ಪದರವನ್ನು ಹೊರಕ್ಕೆ ತಳ್ಳಿ ಬಿಡಿಸುತ್ತದೆ. ತೊಟ್ಟಿಯನ್ನು ಬರಿದು ಮಾಡಿ, ಒಳಬದಿಯ ಹಳೆಯ ಸಿಲಿಕೋನ್ ಪಟ್ಟಿಯನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆದು, ಗಾಜನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ, ಆಮೇಲೆ ಹೊಸದನ್ನು ಎಳೆಯಬೇಕು; ಗಟ್ಟಿಯಾದ ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ. ಬೂಷ್ಟು ತಡೆಯುವ ಔಷಧ ಬೆರೆಸಿದ, ಸ್ನಾನದ ಮನೆಗೆಂದು ಮಾರುವ ಸಿಲಿಕೋನ್ ಮೀನುಗಳಿಗೆ ವಿಷ, ಅಕ್ವೇರಿಯಮ್ಮಿಗೆಂದೇ ತಯಾರಿಸಿದ್ದನ್ನು ತನ್ನಿ. ಎರಡು ಗಾಜುಗಳ ನಡುವಿನ ಅಂಟೇ ಬಿಟ್ಟುಕೊಂಡಿದ್ದರೆ ಈ ಒಳಪಟ್ಟಿಯ ದುರಸ್ತಿ ಸಾಲದು, ತೊಟ್ಟಿ ಕಟ್ಟುವವರಿಂದಲೇ ಬಿಚ್ಚಿಸಿ ಮತ್ತೆ ಕೂಡಿಸಬೇಕಾಗುತ್ತದೆ.

ಹೊಸ ಸಿಲಿಕೋನ್ ಒಣಗಲು ಅದರ ಕೊಳವೆಯ ಮೇಲೆ ಬರೆದಷ್ಟು ಸಮಯವನ್ನು ಪೂರ್ತಿಯಾಗಿ ಕೊಡಿ, ವಿನೆಗರ್‌ನಂಥ ಹುಳಿ ವಾಸನೆ ಇನ್ನೂ ಬರುತ್ತಿದ್ದರೆ ಮತ್ತೆ ಒಂದು ದಿನ ಕಾಯಿರಿ. ಅನಂತರ ಬರಿನೀರು ತುಂಬಿ ಎರಡು ದಿನ ನೋಡಿ. ಅಲ್ಲಿಯವರೆಗೆ ಮೀನುಗಳು ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿರಲಿ, ಅದೇ ಹಳೆಯ ಫಿಲ್ಟರ್ ಆ ಟಬ್ಬಿನಲ್ಲಿ ಹಗಲೂ ರಾತ್ರಿ ಓಡುತ್ತಿರಲಿ.